ಅರ್ಪಿತವಾಗದ ಗೆಲವು

ಮನುಷ್ಯನು ಇನ್ನೊಬ್ಬನನ್ನು ಗೆಲ್ಲಬೇಕೆಂದು ಹವಣಿಸುವುದು ಲೋಕದಲ್ಲಿ ಹೊಸದಲ್ಲ. ಅದರ ಗುಣದೋಷಗಳನ್ನು ಕುರಿತು ನಮ್ಮ ಹಿರಿಯರು ಬೇಕಾದಷ್ಟು ಹೇಳಿದ್ದಾರೆ. ಮಾತ್ಸರ್ಯವು ಅರಿಷಡ್ವರ್ಗದಲ್ಲಿ ಒಂದೆಂಬುದನ್ನು ಬಾಲಕರೂ ಬಲ್ಲರು. ಆದರೆ ತಾನು ನಿನ್ನೆ ಮಾಡಿದುದನ್ನು ಇಂದು ತಾನೇ ಮೀರಬೇಕೆಂಬ ಹಂಬಲವು ಗುಣವೋ ದೋಷವೋ ಎಂದು ಯಾರಾದರೂ ಕೇಳಿದರೆ ಒಮ್ಮೆಲೇ ಉತ್ತರ ಹೇಳುವುದು ಕಷ್ಟ. ಅಲ್ಲಿ ಸೋಲುವ ಎದುರಾಳಿಯಿಲ್ಲ. ಯಾರ ತುತ್ತನ್ನೂ ಕಸಿದುಕೊಂಡಂತೆ ಆಗುವುದಿಲ್ಲ. ಮೇಲಾಗಿ ಅದು ಸಾಧನೆಯೆಂದೇ ಹೆಸರು ಪಡೆದಿರುವುದು. ಹೀಗಿದ್ದೂ ಅದರಲ್ಲಿ ವಿಚಾರಿಸಬೇಕಾದ ವಿಷಯ ಒಂದುಂಟು. ಈ ಪ್ರಶ್ನೆಯು ನನ್ನ ಮುಂದೆ ಗ್ರಂಥದಿಂದ ಬರಲಿಲ್ಲ. ಒಬ್ಬ ಹಳೆಯ ಶಿಷ್ಯನ ಬಾಯಿಂದ ಬಂದಿತು. ಅಂದು ನಾನು ಅವನಿಗೆ ಕೊಟ್ಟ ಉತ್ತರ ಸರಿಯಾಗಿರಲಿಲ್ಲ. ಸರಿಯಾದುದನ್ನು ಹುಡುಕುವ ಪ್ರಯತ್ನವೇ ಈ ಲೇಖನ.

ಆ ತರುಣನು ನಮ್ಮ ಪಾಠಶಾಲೆಯಲ್ಲಿ ಅಮರಕೋಶವನ್ನೂ ಸಿದ್ಧಾಂತಶಿಖಾಮಣಿಯ ಕೆಲವು ಪರಿಚ್ಛೇದಗಳನ್ನೂ ಓದಿದವನು. ಈಗ ವಾಡಿಯಲ್ಲಿ ಸಿಮೆಂಟಿನ ಕೆಲಸದಲ್ಲಿದ್ದಾನೆ. ಮೂವತ್ತು ದಾಟುತ್ತಲೇ ಮೈ ಭಾರವಾಗಿ, ವೈದ್ಯರ ಮಾತಿನಂತೆ ಬೆಳಿಗ್ಗೆ ನಡೆಯತೊಡಗಿದನು. ನಡಿಗೆಯು ಕಾಲಕ್ರಮದಲ್ಲಿ ಓಟವಾಯಿತು. ಹಗಲಿನ ಪಾಳಿಯಿದ್ದರೆ ನಸುಕಿನಲ್ಲಿ ಎದ್ದು ಶಹಾಬಾದಿನ ಕಡೆಗೆ ಓಡಿ ಮರಳುವನು. ರಜೆಯ ದಿನ ಚಿತ್ತಾಪುರದ ಕಡೆಗೆ ಹೋಗುವನು. ಏರಿನ ಅಭ್ಯಾಸ ಬೇಕೆನಿಸಿದಾಗ ಚಿಂಚೋಳಿಯ ಕಾಡಿನ ದಾರಿಗೆ ಹೋಗಿಬರುವನು. ನಮ್ಮ ಸೀಮೆಯ ಬೇಸಿಗೆಯಲ್ಲಿ ಹೊತ್ತು ಏರಿದ ಮೇಲೆ ಓಡುವುದು ಪ್ರಾಣದೊಡನೆ ಆಟವಾಡಿದಂತೆ. ಆದುದರಿಂದ ಅವನ ಓಟವೆಲ್ಲ ಸೂರ್ಯೋದಯಕ್ಕೆ ಮೊದಲೇ ಮುಗಿಯುವುದು. ಹೀಗೆ ಮೂರು ವರ್ಷ ಕಳೆದು, ಅರ್ಧ ಮ್ಯಾರಥಾನ್ ಎಂಬ ಓಟವನ್ನು ಅವನು 2 ಗಂಟೆ 3 ನಿಮಿಷಗಳಲ್ಲಿ ಮುಗಿಸುವ ಶಕ್ತಿ ಪಡೆದಿದ್ದನು. ಅದನ್ನು 2 ಗಂಟೆಯ ಒಳಗೆ ತರಬೇಕೆಂಬುದೊಂದೇ ಅವನ ಹಂಬಲವಾಗಿತ್ತು.

ಒಂದು ಸಂಜೆ ಅವನು ಪೇಢೆಯ ಪೊಟ್ಟಣ ಹಿಡಿದು ಮನೆಗೆ ಬಂದನು. ದೂರದ ನಗರದಲ್ಲಿ ನಡೆದ ಓಟದಲ್ಲಿ 1 ಗಂಟೆ 59 ನಿಮಿಷ 48 ಸೆಕೆಂಡುಗಳಲ್ಲಿ ಗುರಿ ಮುಟ್ಟಿದ್ದನು. ನಾನು ಸಂತೋಷದಿಂದ ಬೆನ್ನು ತಟ್ಟಿದೆನು. ಅವನ ಮುಖದಲ್ಲಿ ಮಾತ್ರ ಗೆಲವಿರಲಿಲ್ಲ. ಬಹಳ ಹೊತ್ತಿನ ಮೇಲೆ, "ಟೈಮ್ ಬಂತ್ರೀ ಗುರುಗಳೆ, ಸಮಾಧಾನ ಬರಲಿಲ್ಲರೀ" ಎಂದನು. ಆಗ ಹೇಳಿದ ಸಂಗತಿ ಇಷ್ಟು. ಹದಿನೆಂಟನೆಯ ಕಿಲೋಮೀಟರಿನ ಸಮೀಪದಲ್ಲಿ ಇವನಿಗಿಂತ ತುಸು ಮುಂದೆ ಓಡುತ್ತಿದ್ದ ಒಬ್ಬ ವಯಸ್ಸಾದ ಗೃಹಸ್ಥರು ತೂರಾಡಿ, ರಸ್ತೆಯ ಅಂಚಿನ ಕಟ್ಟೆಯನ್ನು ಹಿಡಿದು ಕುಸಿದರು. ಇವನು ಹಾದುಹೋಗುವಾಗ ಏನನ್ನೋ ಹೇಳಲು ಕೈಯೆತ್ತಿದರು, ಮಾತು ತೊದಲುತ್ತಿತ್ತು. ಇವನು ನಿಲ್ಲಲಿಲ್ಲ. ನಾನು ಲೋಕರೂಢಿಯಂತೆ, "ಬಿಡಪ್ಪಾ, ದಾರಿಯುದ್ದಕ್ಕೂ ಸ್ವಯಂಸೇವಕರಿರುತ್ತಾರೆ, ಯಾರಾದರೂ ನೋಡಿಕೊಂಡಿರುತ್ತಾರೆ" ಎಂದು ಸಮಾಧಾನ ಹೇಳಿದೆನು. ಅದಕ್ಕೆ ಅವನು, "ಅವರು ಇದ್ದರೋ ಇಲ್ಲವೋ ನಾ ನೋಡಲಿಲ್ಲರೀ. ನಾ ಗಡಿಯಾರ ನೋಡಿದೆ" ಎಂದನು.

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಗೃಹಸ್ಥರ ಗತಿ ಏನಾಯಿತೆಂಬುದು ಅವನಿಗೆ ಇಂದಿಗೂ ತಿಳಿಯದು. ಎರಡು ಗಂಟೆಗೆ ಹನ್ನೆರಡೇ ಸೆಕೆಂಡು ಉಳಿದಿದ್ದವು. ಒಂದು ಗುಟುಕು ನೀರು ಕುಡಿಸಲು ನಿಂತಿದ್ದರೂ ಆ ಹನ್ನೆರಡು ಸೆಕೆಂಡು ಕಳೆದುಹೋಗುತ್ತಿದ್ದವು.

ಇನ್ನು ಈ ಓಟದ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳೋಣ. ಅರ್ಧ ಮ್ಯಾರಥಾನಿನ ದೂರ 21.0975 ಕಿಲೋಮೀಟರು. ಇಷ್ಟು ಸೂಕ್ಷ್ಮವಾದ ಸಂಖ್ಯೆಯನ್ನು ಕಂಡು ಇದರಲ್ಲಿ ಯಾವುದೋ ಶಾಸ್ತ್ರರಹಸ್ಯ ಅಡಗಿದೆಯೆಂದು ಭಾವಿಸುವವರುಂಟು. ಹಾಗೇನೂ ಇಲ್ಲ. 1908ರಲ್ಲಿ ಲಂಡನ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದಾಗ, ಪೂರ್ಣ ಮ್ಯಾರಥಾನ್ ಓಟವು ವಿಂಡ್ಸರ್ ಅರಮನೆಯಲ್ಲಿ ಆರಂಭವಾಗಿ ಕ್ರೀಡಾಂಗಣದಲ್ಲಿ ರಾಜಪರಿವಾರದವರು ಕುಳಿತ ಸ್ಥಳದೆದುರು ಮುಗಿಯುವಂತೆ ಏರ್ಪಾಡಾಗಿತ್ತು. ಆ ದೂರ 42.195 ಕಿಲೋಮೀಟರು ಆಯಿತು. 1921ರಲ್ಲಿ ಅದೇ ನಿಯಮವಾಗಿ ನಿಂತಿತು. ಅದರ ಅರ್ಧವೇ ನಮ್ಮ ಶಿಷ್ಯನು ಓಡಿದ ದೂರ. ಅರಸುಮನೆತನದ ಅನುಕೂಲದಿಂದ ಹುಟ್ಟಿದ ಅಳತೆಯೊಂದು ಇಂದು ವಾಡಿಯ ತರುಣನೊಬ್ಬನ ನಿದ್ದೆಯನ್ನು ಕೆಡಿಸಬಲ್ಲುದಾದರೆ, ಸಂಖ್ಯೆಗಳಿಗೆ ಬಲವನ್ನು ಕೊಡುವವರು ನಾವೇ ಎಂಬುದು ಸ್ಪಷ್ಟವಾಗುವುದು.

ಹಾಗೆಂದು ಅಳತೆಯನ್ನು ಹೀನವಾಗಿ ಕಾಣಲಾಗದು. ಇಂಥ ಓಟದ ದಾರಿಯನ್ನು ಶಾಸ್ತ್ರೋಕ್ತವಾಗಿ ಅಳೆಯುವವರು, ಮೊದಲೇ ಪರೀಕ್ಷಿಸಿದ ಸೈಕಲ್ಲಿನ ಗಾಲಿಗೆ ಸುತ್ತುಗಳನ್ನೆಣಿಸುವ ಯಂತ್ರವನ್ನು ಕಟ್ಟಿ ಅಳೆಯುತ್ತಾರೆ. ದಾರಿಯು ಎಲ್ಲಿಯೂ ಕಡಿಮೆ ಬೀಳಬಾರದೆಂದು ಒಂದೊಂದು ಕಿಲೋಮೀಟರಿಗೆ ಒಂದೊಂದು ಮೀಟರು ಹೆಚ್ಚಾಗಿಯೇ ಇಡುತ್ತಾರೆ. ನಮ್ಮ ಸೇಡಂ ಪೇಟೆಯಲ್ಲಿ ಸತ್ಯವಂತನಾದ ವ್ಯಾಪಾರಿಯು ತೊಗರಿಬೇಳೆಯನ್ನು ತೂಗಿದ ಮೇಲೆ ಒಂದು ಹಿಡಿ ಕೊಸರು ಹಾಕುವುದಿಲ್ಲವೆ? ಹಾಗೆಯೇ ಇದು. ಓಟಗಾರನ ಸಂಖ್ಯೆಯು ಸುಳ್ಳಾಗದಿರಲೆಂದು ಅಳೆಯುವವನು ತನ್ನ ಕಡೆಯಿಂದ ಇಷ್ಟು ಎಚ್ಚರ ವಹಿಸುವಾಗ, ಓಡುವವನು ತನ್ನ ಕಡೆಯಿಂದ ಎಷ್ಟು ಶುದ್ಧನಾಗಿರಬೇಕು?

ಈಗ ಮೊದಲನೆಯ ಪೂರ್ವಪಕ್ಷ. 'ಇಂಥ ಓಟವೇ ನಿರರ್ಥಕ. ಹೊಟ್ಟೆಗೆ ಹಿಟ್ಟಿಲ್ಲ, ಊರಿಗೆ ಉಪಕಾರವಿಲ್ಲ. ಶರಣರು ಹೇಳಿದ ಕಾಯಕಕ್ಕೂ ಇದಕ್ಕೂ ಏನು ಸಂಬಂಧ?' ಎಂದು ಕೆಲವರು ಕೇಳಬಹುದು. ಶಹಾಬಾದಿನ ಗಣಿಗಳಲ್ಲಿ ಫರಸಿಕಲ್ಲನ್ನು ಎಬ್ಬಿಸುವವನ ಮೈಯಲ್ಲಿ ಸಂಜೆಯ ಹೊತ್ತಿಗೆ ಓಡುವ ಕಸುವು ಉಳಿದಿರುವುದಿಲ್ಲ. ಅವನ ಮೈಯೆಲ್ಲ ಕಾಯಕಕ್ಕೆ ಸಂದಿರುತ್ತದೆ. ಅವನ ಮುಂದೆ ನಿಂತು 'ನಾನೂ ಶ್ರಮಪಟ್ಟೆ' ಎಂದು ಓಟಗಾರನು ಹೇಳಿದರೆ ಅದು ಸರಿಯೆನಿಸದು. ಕಾಯಕವೆಂದರೆ ಬರಿಯ ಶ್ರಮವಲ್ಲ. ಸತ್ಯಶುದ್ಧವಾಗಿ ದುಡಿದು, ಬಂದುದನ್ನು ದಾಸೋಹಕ್ಕೆ ಸಲ್ಲಿಸುವುದು ಕಾಯಕ. ಈ ಲಕ್ಷಣದಿಂದ ನೋಡಿದರೆ ಓಟವು ಕಾಯಕವಲ್ಲವೆಂದು ಒಪ್ಪಲೇಬೇಕು. ಆದರೆ ಕಾಯಕವಲ್ಲದುದೆಲ್ಲ ವ್ಯರ್ಥವೆಂದೂ ಹೇಳಲಾಗದು. ಸ್ನಾನ, ಮಿತವಾದ ಆಹಾರ, ಸಕಾಲದ ನಿದ್ರೆ ಇವೂ ಕಾಯಕವಲ್ಲ. ಕಾಯವನ್ನು ಕಾಯಕಕ್ಕೂ ಪೂಜೆಗೂ ಯೋಗ್ಯವಾಗಿ ಇಡುವ ನಿಯಮಗಳು. ಶರೀರವನ್ನೇ ಶಿವನ ಆಲಯವನ್ನಾಗಿ ಕಂಡ ಬಸವಣ್ಣನವರ ಮಾರ್ಗದಲ್ಲಿ, ಆ ಆಲಯವನ್ನು ಗುಡಿಸಿ ಸಾರಿಸುವ ಕೆಲಸಕ್ಕೆ ಸ್ಥಾನವಿದ್ದೇ ಇದೆ. ಓಟವನ್ನು ಅಂಥ ನಿಯಮವೆಂದು ಸ್ವೀಕರಿಸೋಣ.

ಎರಡನೆಯ ಪೂರ್ವಪಕ್ಷವು ಇನ್ನೂ ಬಲವಾದುದು. 'ಶರೀರದ ಆರೋಗ್ಯಕ್ಕಾಗಿ ಓಡಿದರೆ ಸಾಲದೆ? 2 ಗಂಟೆ 3 ನಿಮಿಷವನ್ನು 2 ಗಂಟೆಗೆ ಇಳಿಸುವ ಹಟವೇಕೆ? ಇದು ಆಶೆಯಲ್ಲವೆ?' ಇಲ್ಲಿ ಆಯ್ದಕ್ಕಿ ಮಾರಯ್ಯನವರ ಪ್ರಸಂಗವು ಸಹಜವಾಗಿಯೇ ನೆನಪಿಗೆ ಬರುವುದು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆ ದಂಪತಿಗಳ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಧರ್ಮಪತ್ನಿ ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳದೆ, ಹೆಚ್ಚಿನದನ್ನು ತಂದ ಜಾಗದಲ್ಲಿಯೇ ಸುರಿದು ಬರುವಂತೆ ಹೇಳಿದರು. ಅಗತ್ಯವನ್ನು ಮೀರಿದುದು ಆಶೆಯೆಂಬುದು ಆ ತಾಯಿಯ ನಿರ್ಣಯ. ಹಾಗಾದರೆ ಮೂರು ನಿಮಿಷ ಕಡಿಮೆ ಮಾಡುವ ಹಂಬಲವೂ ಹೆಚ್ಚಿನ ಅಕ್ಕಿಯಲ್ಲವೆ?

ಇದಕ್ಕೆ ನನ್ನ ಸಮಾಧಾನವಿದು. ಲಕ್ಕಮ್ಮನವರು ತಡೆದುದು ಹೆಚ್ಚಿನ ಸಂಗ್ರಹವನ್ನು, ಹೆಚ್ಚಿನ ಎಚ್ಚರವನ್ನಲ್ಲ. ಮಾತುಕತೆಯಲ್ಲಿ ಮೈಮರೆತು ಕುಳಿತ ಪತಿಯನ್ನು ಕಾಯಕಕ್ಕೆ ಎಬ್ಬಿಸಿ ಕಳುಹಿಸಿದವರೂ ಅವರೇ. ನೇಯುವವನು ಇನ್ನೂ ಹದವಾಗಿ ನೇಯಬೇಕೆಂದು, ಪಾಠ ಹೇಳುವವನು ಇನ್ನೂ ತಿಳಿಯಾಗಿ ಹೇಳಬೇಕೆಂದು ಬಯಸುವುದು ಆಶೆಯಾಗದು. ಶರಣನಿಗೆ ಛಲವಿರಬೇಕೆಂಬ ಬೋಧೆಯು ವಚನಗಳಲ್ಲಿಯೇ ಉಂಟು. ಆದರೆ ಆ ಛಲವು ತನ್ನ ನಡೆಯನ್ನು ಕಾಯುವುದಕ್ಕಾಗಿ ಇರತಕ್ಕದ್ದು. ಗುರಿಯೊಂದಿಲ್ಲದೆ ನಿಯಮವು ಸಡಿಲವಾಗುವುದು ಮನುಷ್ಯಸ್ವಭಾವ. ಎರಡು ಗಂಟೆಯ ಗುರಿಯಿದ್ದುದರಿಂದಲೇ ನಮ್ಮ ಶಿಷ್ಯನು ನಸುಕಿನಲ್ಲಿ ಎದ್ದನು. ರಾತ್ರಿಯ ಹರಟೆಯನ್ನು ಬಿಟ್ಟನು. ಗುಟಕಾ ತಂಬಾಕುಗಳನ್ನು ತ್ಯಜಿಸಿದನು. ಒಂದು ಕಿಲೋಮೀಟರನ್ನು 5 ನಿಮಿಷ 41 ಸೆಕೆಂಡಿನಂತೆ ಇಪ್ಪತ್ತೊಂದು ಸಲ ಓಡಬೇಕಾದರೆ ಮೊದಲ ಐದರಲ್ಲಿ ಉಬ್ಬಬಾರದು, ಕೊನೆಯ ಐದರಲ್ಲಿ ಕುಗ್ಗಬಾರದು. ಇದು ಸಮಚಿತ್ತದ ಶಿಕ್ಷಣವೇ ಸರಿ. ದಿನವೂ ಬಿರುಸಿನಿಂದ ಓಡಿದವನು ಬೇಗ ಕಾಲು ಕೆಡಿಸಿಕೊಳ್ಳುತ್ತಾನೆ. ಹೆಚ್ಚು ದಿನ ನಿಧಾನವಾಗಿ ಓಡಿ, ಕೆಲವು ದಿನ ಮಾತ್ರ ವೇಗವನ್ನು ಅಭ್ಯಸಿಸಿ, ನಡುವೆ ವಿಶ್ರಾಂತಿ ಕೊಟ್ಟವನು ಮುಂದೆ ಸಾಗುತ್ತಾನೆ. ಇದು ಮಿತಾಚಾರದ ಪಾಠವಲ್ಲವೆ? ಆದುದರಿಂದ ಗುರಿಯು ವ್ರತದಂತಿರುವವರೆಗೆ ದೋಷವಿಲ್ಲ.

ಈ ಗುರಿಯ ಹಿಂದೆ ಲೋಕವು ಎಷ್ಟು ದೂರ ಹೋಗಿದೆಯೆಂಬುದನ್ನು ನೋಡಿರಿ. ಇದೇ ದೂರವನ್ನು ಕೆನ್ಯಾದ ಕಿಬಿವೊಟ್ ಕಾಂಡಿ 2020ರಲ್ಲಿ 57 ನಿಮಿಷ 32 ಸೆಕೆಂಡಿನಲ್ಲಿ ಓಡಿದರು. 2021ರಲ್ಲಿ ಉಗಾಂಡದ ಜೇಕಬ್ ಕಿಪ್ಲಿಮೊ ಅದನ್ನು ಒಂದು ಸೆಕೆಂಡು ಇಳಿಸಿದರು. 2024ರಲ್ಲಿ ಇಥಿಯೋಪಿಯದ ಯೊಮಿಫ್ ಕೆಜೆಲ್ಚ ಮತ್ತೊಂದು ಸೆಕೆಂಡು ಇಳಿಸಿದರು. ಮೂವರು ಮಹಾ ಓಟಗಾರರು, ನಾಲ್ಕು ವರ್ಷಗಳು, ಎರಡು ಸೆಕೆಂಡುಗಳು! ನಮ್ಮ ನೆರೆಯ ಬೀಡ ಜಿಲ್ಲೆಯೂ ನಮ್ಮಂತೆಯೇ ಹಿಂದೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದು, ನಮ್ಮಂತೆಯೇ ಬರ ಕಂಡ ನಾಡು. ಅಲ್ಲಿಯ ರೈತನ ಮಗ, ಸೈನಿಕ ಅವಿನಾಶ ಸಾಬಳೆ 2020ರ ನವೆಂಬರಿನಲ್ಲಿ ದಿಲ್ಲಿಯಲ್ಲಿ 1 ಗಂಟೆ 30 ಸೆಕೆಂಡಿನಲ್ಲಿ ಈ ದೂರವನ್ನು ಓಡಿ, 61 ನಿಮಿಷದೊಳಗೆ ಮುಗಿಸಿದ ಮೊದಲ ಭಾರತೀಯನೆನಿಸಿದನು. ಇಂಥವರ ಸಾಧನೆಯನ್ನು ಕಂಡು ಹೆಮ್ಮೆಪಡದಿರುವುದು ಹೇಗೆ? ಸೇಡಂ, ಚಿತ್ತಾಪುರಗಳ ಮೈದಾನಗಳಲ್ಲಿ ಪೊಲೀಸ್ ಭರ್ತಿಗಾಗಿ 1600 ಮೀಟರು ಓಡಿ ಅಭ್ಯಾಸ ಮಾಡುವ ಬಡವರ ಮಕ್ಕಳಿಗೆ ಒಂದೊಂದು ಸೆಕೆಂಡೂ ಅನ್ನದ ಪ್ರಶ್ನೆ. ಸೆಕೆಂಡನ್ನು ಹೀಯಾಳಿಸುವ ಅಧಿಕಾರ ಯಾರಿಗೂ ಇಲ್ಲ.

ಹಾಗಾದರೆ ದೋಷವು ಎಲ್ಲಿ ಹುಟ್ಟುವುದು? ಪ್ರಭುಲಿಂಗಲೀಲೆಯಲ್ಲಿಯೂ ಶೂನ್ಯಸಂಪಾದನೆಯಲ್ಲಿಯೂ ಬರುವ ಗೋರಕ್ಷನ ಪ್ರಸಂಗವು ಇಲ್ಲಿ ದಾರಿ ತೋರುವುದು. ಗೋರಕ್ಷನು ಸಾಧನೆಯಿಂದ ತನ್ನ ಕಾಯವನ್ನು ವಜ್ರವನ್ನಾಗಿ ಮಾಡಿಕೊಂಡಿದ್ದನು. ಕತ್ತಿಯಿಂದ ಹೊಡೆದರೆ ಆ ಮೈಯಿಂದ ಖಣಿಲೆಂಬ ನಾದ ಹೊರಡುತ್ತಿತ್ತೇ ಹೊರತು ಗಾಯವಾಗುತ್ತಿರಲಿಲ್ಲ. ಅದೇ ಕತ್ತಿಯನ್ನು ಅಲ್ಲಮಪ್ರಭುಗಳ ಮೇಲೆ ಬೀಸಿದಾಗ ಅದು ಬಯಲಲ್ಲಿ ಬೀಸಿದಂತೆ ಹಾದುಹೋಯಿತು. ಗೋರಕ್ಷನು ಯಾರನ್ನೂ ಹಿಂಸಿಸಿರಲಿಲ್ಲ. ಅವನು ಗೆದ್ದದ್ದು ತನ್ನನ್ನೇ. ಆದರೂ 'ನನ್ನ ಕಾಯ, ನನ್ನ ಸಿದ್ಧಿ' ಎಂಬ ಭಾವವು ಆ ವಜ್ರದೊಳಗೆ ಗಟ್ಟಿಯಾಗಿ ಕುಳಿತಿತ್ತು. ತನ್ನನ್ನು ತಾನು ಗೆಲ್ಲುವವನು ಗೆಲ್ಲುವಾಗಲೂ ಸೋಲುವಾಗಲೂ ಕೊನೆಗೆ ಉಳಿಯುವವನು ಅದೇ 'ನಾನು' ಎಂಬವನು. ಎದುರಾಳಿಯಿದ್ದರೆ ಅವನು ಒಮ್ಮೆಯಾದರೂ ನಮ್ಮನ್ನು ಸೋಲಿಸಿ ಬುದ್ಧಿ ಕಲಿಸಿಯಾನು. ತನ್ನೊಡನೆಯೇ ಪಂದ್ಯ ಕಟ್ಟಿದವನಿಗೆ ಅಂಥ ಗುರುವೂ ಇಲ್ಲ. ಈ ಪಂದ್ಯವು ನಿರುಪದ್ರವಿಯೆಂದು ಕಾಣುವುದರಿಂದಲೇ ಇದರಲ್ಲಿ ಎಚ್ಚರ ಹೆಚ್ಚು ಬೇಕು.

ಎಚ್ಚರದ ಒರೆಗಲ್ಲು ಯಾವುದು? ನಮ್ಮ ಆಚಾರದಲ್ಲಿಯೇ ಅದು ಸಿದ್ಧವಾಗಿದೆ. ಲಿಂಗಕ್ಕೆ ಅರ್ಪಿಸದೆ ಯಾವುದನ್ನೂ ಭೋಗಿಸಬಾರದೆಂಬುದು ಪ್ರಸಾದಿಸ್ಥಲದ ಮೂಲಸೂತ್ರ. ಅನರ್ಪಿತವು ಎಷ್ಟೇ ರುಚಿಯಾಗಿರಲಿ, ಅದು ಪ್ರಸಾದವಲ್ಲ. ಇದನ್ನು ನಾವು ಸಾಮಾನ್ಯವಾಗಿ ಅನ್ನೋದಕಗಳಿಗೆ ಮಾತ್ರ ಅನ್ವಯಿಸುತ್ತೇವೆ. ಶರಣರು ಕಣ್ಣಿನ ನೋಟಕ್ಕೂ ಕಿವಿಯ ಕೇಳ್ಮೆಗೂ ಅನ್ವಯಿಸಿದರು. ಹಾಗಿರುವಾಗ ಗೆಲವಿಗೇಕೆ ಅನ್ವಯಿಸಬಾರದು? ಕಾಲಿಗೆ ಬಂದ ಬಲವು ನಾವು ಗಳಿಸಿದುದಷ್ಟೇ ಅಲ್ಲ. ತಾಯಿತಂದೆಗಳು ಕೊಟ್ಟ ಮೈ, ಹೊಲದವನು ಬೆಳೆದ ಜೋಳ, ನಮ್ಮ ಪಾಲಿನ ಕೆಲಸವನ್ನು ಹೊತ್ತ ಮನೆಯವರ ಸಹನೆ, ಇವೆಲ್ಲ ಕೂಡಿ ಬಂದ ಪ್ರಸಾದ. ಅದರಿಂದ ಫಲಿಸಿದ ಗೆಲವನ್ನು ಅಂಗೈಯ ಲಿಂಗದ ಮುಂದೆ ಹಿಡಿದು 'ಇದು ನಿನಗೆ' ಎಂದು ನಾಚದೆ ಹೇಳಬಲ್ಲೆವಾದರೆ ಅದು ಅರ್ಪಿತ. ಅನಂತರ ಅದರ ಸಂತೋಷವನ್ನು ಅನುಭವಿಸಲು ಯಾವ ಅಡ್ಡಿಯೂ ಇಲ್ಲ. ಹೇಳಲು ನಾಲಗೆ ಏಳದಿದ್ದರೆ ಆ ಗೆಲವು ನಮ್ಮದಾಗಲಿಲ್ಲವೆಂದೇ ತಿಳಿಯತಕ್ಕದ್ದು.

ನಮ್ಮ ಶಿಷ್ಯನ ಮುಖವು ಬಾಡಿದುದೇಕೆಂಬುದು ಈಗ ತಿಳಿಯುವುದು. ಆ 1 ಗಂಟೆ 59 ನಿಮಿಷ 48 ಸೆಕೆಂಡು ಸುಳ್ಳಲ್ಲ. ಅಳತೆ ಸರಿಯಾಗಿತ್ತು, ಓಟ ಅವನದೇ. ಆದರೆ ಅದನ್ನು ಅರ್ಪಿಸಲು ಹೋದಾಗ ಕಟ್ಟೆ ಹಿಡಿದು ಕುಸಿದ ಗೃಹಸ್ಥರು ನಡುವೆ ಬಂದು ನಿಲ್ಲುತ್ತಾರೆ. ಸ್ಥಾವರ ಜಂಗಮಗಳ ವಿವೇಕವನ್ನು ಬಸವಣ್ಣನವರು ನಮಗೆ ಕಲಿಸಿದ್ದಾರೆ. ಗಡಿಯಾರದಲ್ಲಿ ನಿಂತುಹೋದ ಅಂಕೆಯು ಸ್ಥಾವರ. ದಾರಿಯಲ್ಲಿ ಕೈಯೆತ್ತಿದ ಜೀವವು ಜಂಗಮ. ಜಂಗಮವು ಎದುರಿಗೆ ಬಂದಾಗ ಸ್ಥಾವರವನ್ನು ಅಪ್ಪಿಕೊಂಡವನಿಗೆ ಸ್ಥಾವರವೂ ದಕ್ಕುವುದಿಲ್ಲ. ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದು ಒಂದು. ತನ್ನನ್ನು ಎಲ್ಲರಿಗಿಂತ ಕಿರಿಯನೆಂದು ತಿಳಿದು ಸೇವಿಸುವುದು ಅದರ ತಿರುಳು. ಓಟದ ಅಂಗಿಯನ್ನು ತೊಟ್ಟ ಮಾತ್ರಕ್ಕೆ ಆ ಆಚಾರವನ್ನು ಮನೆಯಲ್ಲಿ ಬಿಟ್ಟುಬರಲು ಸಾಧ್ಯವೆ? ಅಲ್ಲದೆ ಇದು ಬರಿಯ ಭಾವನೆಯ ಮಾತೂ ಅಲ್ಲ. ಓಡುತ್ತಿದ್ದವನು ತೂರಾಡಿ, ಮಾತು ತೊದಲಿ, ದಿಕ್ಕು ತಪ್ಪಿದಂತೆ ವರ್ತಿಸಿದರೆ ಅದು ಉಷ್ಣಾಘಾತದ ಲಕ್ಷಣವಿರಬಹುದೆಂದೂ, ಮೊದಲ ಅರ್ಧ ಗಂಟೆಯೊಳಗೆ ನೆರಳಿಗೆ ತಂದು ತಣ್ಣೀರಿನಿಂದ ಮೈಯನ್ನು ತಣಿಸಿದರೆ ಪ್ರಾಣ ಉಳಿಯುವ ಸಂಭವ ಹೆಚ್ಚೆಂದೂ ವೈದ್ಯರು ಹೇಳುತ್ತಾರೆ. ಅಲ್ಲಿ ಓಟಗಾರನ ಹನ್ನೆರಡು ಸೆಕೆಂಡುಗಳಿಗೂ ಬಿದ್ದವನ ಅರ್ಧ ಗಂಟೆಗೂ ತೂಕ ಬಿದ್ದಿತ್ತು.

ಇಂಥ ತೂಕದಲ್ಲಿ ಗೆದ್ದವರೂ ಲೋಕದಲ್ಲಿ ಇದ್ದಾರೆ. 2012ರ ಡಿಸೆಂಬರಿನಲ್ಲಿ ಸ್ಪೇನ್ ದೇಶದ ಬುರ್ಲಾದಾ ಎಂಬ ಊರಿನಲ್ಲಿ ಬಯಲು ಓಟವೊಂದು ನಡೆಯಿತು. ಮುಂದಿದ್ದ ಕೆನ್ಯಾದ ಆಬೆಲ್ ಮುತಾಯಿಯು ಗುರಿ ಮುಟ್ಟಿದೆನೆಂದು ತಪ್ಪಾಗಿ ತಿಳಿದು ಗೆರೆಗಿಂತ ಮೊದಲೇ ನಿಧಾನಿಸಿದನು. ಹಿಂದೆ ಬರುತ್ತಿದ್ದ ಇವಾನ್ ಫರ್ನಾಂಡಿಸ್ ಅವನನ್ನು ದಾಟಿ ಗೆಲ್ಲಬಹುದಾಗಿತ್ತು; ದಾಟದೆ, ಸನ್ನೆಯಿಂದ ಗೆರೆಯನ್ನು ತೋರಿಸಿ ಅವನನ್ನೇ ಮುಂದೆ ಬಿಟ್ಟನು. 1908ರ ಲಂಡನ್ ಓಟದಲ್ಲಿ ಇಟಲಿಯ ಡೊರಾಂಡೊ ಪಿಯೆತ್ರಿ ಗುರಿಯ ಸಮೀಪದಲ್ಲಿ ಮತ್ತೆ ಮತ್ತೆ ಕುಸಿದಾಗ ಅಧಿಕಾರಿಗಳು ಕೈಹಿಡಿದು ಎಬ್ಬಿಸಿದರು. ಅನ್ಯರ ನೆರವು ಪಡೆದನೆಂದು ಅವನ ಗೆಲವು ರದ್ದಾಯಿತು. ನಿಯಮದಂತೆ ಅದು ಸರಿ. ಆದರೆ ಅವನನ್ನು ಎಬ್ಬಿಸಿದ ಕೈಗಳು ತಪ್ಪು ಮಾಡಿದವೆಂದು ಹೃದಯವುಳ್ಳ ಯಾರು ಹೇಳಿಯಾರು? ಪದಕದ ಲೆಕ್ಕವೇ ಬೇರೆ, ಜೀವದ ಲೆಕ್ಕವೇ ಬೇರೆ.

ಇಷ್ಟು ಬರೆದ ಮೇಲೆ ನನ್ನ ಮಾತನ್ನೂ ಹೇಳದಿದ್ದರೆ ಈ ಲೇಖನವೇ ಅನರ್ಪಿತವಾದೀತು. ಶಿಷ್ಯನ ಮಾತು ನನ್ನನ್ನು ಚುಚ್ಚಿದುದಕ್ಕೆ ಕಾರಣವಿತ್ತು. ನಾನು ಓಡಿದವನಲ್ಲ, ಆದರೆ ನನಗೂ ಒಂದು ಸಂಖ್ಯೆಯಿತ್ತು. ಹಲವು ವರ್ಷಗಳ ಹಿಂದೆ ನನ್ನ ತರಗತಿಯು ಸಂಸ್ಕೃತ ಪರೀಕ್ಷೆಯಲ್ಲಿ ಸತತವಾಗಿ ನೂರಕ್ಕೆ ನೂರು ಫಲ ಪಡೆಯುತ್ತಿತ್ತು. ಹಿಂದಿನ ವರ್ಷಕ್ಕಿಂತ ಈ ವರ್ಷ ಕಡಿಮೆಯಾಗಬಾರದೆಂಬುದು ನನ್ನ ಛಲ, ಯಾರೊಡನೆಯೂ ಸ್ಪರ್ಧೆಯಿರಲಿಲ್ಲ. ಒಂದು ವರ್ಷ ಶಬ್ದರೂಪಗಳು ನಾಲಗೆಗೆ ಹತ್ತದ ಬಡ ಹುಡುಗನೊಬ್ಬನಿದ್ದನು. 'ಈ ಸಲ ಬೇಡ ತಮ್ಮಾ, ಮುಂದಿನ ವರ್ಷ ಗಟ್ಟಿಯಾಗಿ ಕೂಡು' ಎಂದು ಅವನನ್ನು ಪರೀಕ್ಷೆಯಿಂದ ತಪ್ಪಿಸಿದೆನು. ಅವನ ಹಿತಕ್ಕಾಗಿಯೇ ಹೇಳಿದೆನೆಂದು ನನಗೆ ನಾನೇ ಹೇಳಿಕೊಂಡೆನು. ನೂರಕ್ಕೆ ನೂರು ಉಳಿಯಿತು. ಮುಂದಿನ ವರ್ಷ ಹುಡುಗನು ಬರಲಿಲ್ಲ. ನಮ್ಮ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ದೊಡ್ಡ ಘಟಿಕಾಸ್ಥಾನವಿತ್ತು. ವಿದ್ಯಾರ್ಥಿಗಳಿಗೂ ಆಚಾರ್ಯರಿಗೂ ಗ್ರಂಥಪಾಲಕರಿಗೂ ಬಿಟ್ಟ ದತ್ತಿಯನ್ನು ಅಲ್ಲಿಯ 1058ರ ಶಾಸನವು ಹೇಳುತ್ತದೆ. ಕಲ್ಲಿನ ಮೇಲೆ ಕೆತ್ತಿಸಲು ತಕ್ಕದ್ದೆಂದು ಆ ಹಿರಿಯರಿಗೆ ತೋರಿದುದು ಕಲಿಯುವವರ ಪೋಷಣೆ. ನಾನು ಮಕ್ಕಳಿಗೆ ಆ ಶಾಸನದ ಮಹಿಮೆಯನ್ನು ಎಷ್ಟೋ ಸಲ ವರ್ಣಿಸಿದ್ದೇನೆ. ನಾನು ಮಾತ್ರ ಸಂಖ್ಯೆಯನ್ನು ಕಾಯುತ್ತ ಕುಳಿತಿದ್ದೆನು. ನನ್ನ ಶಿಷ್ಯನಿಗೆ ಓಡುವ ಉಸಿರುಗಟ್ಟಿನಲ್ಲಿ ಯೋಚಿಸಲು ಎರಡು ಸೆಕೆಂಡು ಇದ್ದವು. ನನಗೆ ಒಂದು ಇಡೀ ವರ್ಷವಿತ್ತು. ಯಾರ ತಪ್ಪು ದೊಡ್ಡದು?

ಇನ್ನೊಂದು ಮಾತುಂಟು. ತನ್ನನ್ನು ತಾನು ಮೀರುವ ಪಂದ್ಯವು ಕೊನೆಗೆ ಎಲ್ಲರೂ ಸೋಲುವ ಪಂದ್ಯ. ಪಂಜಾಬಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಫೌಜಾ ಸಿಂಗರು ಎಂಬತ್ತು ದಾಟಿದ ಮೇಲೆ ಮ್ಯಾರಥಾನ್ ಓಟಕ್ಕೆ ಇಳಿದರು. 2003ರಲ್ಲಿ ಟೊರಾಂಟೊ ನಗರದಲ್ಲಿ ಪೂರ್ಣ ಮ್ಯಾರಥಾನನ್ನು 5 ಗಂಟೆ 40 ನಿಮಿಷದಲ್ಲಿ ಮುಗಿಸಿದರು. ಆಗ ಅವರಿಗೆ 92 ವರ್ಷವೆಂದು ಹೇಳಲಾಗಿದೆ. 2011ರಲ್ಲಿ, ನೂರನೆಯ ವಯಸ್ಸಿನಲ್ಲಿ, ಅದೇ ನಗರದಲ್ಲಿ ಮತ್ತೆ ಓಡಿದಾಗ 8 ಗಂಟೆ 11 ನಿಮಿಷ ಹಿಡಿಯಿತು. ಜನ್ಮದ ದಾಖಲೆ ಇಲ್ಲದುದರಿಂದ ಗಿನ್ನೆಸ್ ಪುಸ್ತಕದವರು ಅದನ್ನು ದಾಖಲೆಯೆಂದು ಒಪ್ಪಲಿಲ್ಲ. ಗಡಿಯಾರವನ್ನೇ ನಂಬಿದ್ದರೆ ಆ ವೃದ್ಧರಿಗೆ ಎರಡೂವರೆ ಗಂಟೆಯ ಸೋಲು. ಪುಸ್ತಕವನ್ನೇ ನಂಬಿದ್ದರೆ ಅವರು ಓಡಿದ್ದೇ ಸುಳ್ಳು. ಅವರಾದರೋ ಧರ್ಮಕಾರ್ಯಗಳಿಗೆ ಧನ ಕೂಡಿಸುವುದಕ್ಕಾಗಿಯೂ ಓಡಿದವರು. 2013ರಲ್ಲಿ ಪಂದ್ಯಗಳನ್ನು ನಿಲ್ಲಿಸಿದ ಮೇಲೂ ನಡಿಗೆಯನ್ನು ಬಿಡಲಿಲ್ಲ. ಅಂಕೆಯು ಇಳಿಯುತ್ತ ಹೋದರೂ ಅರ್ಪಣೆಗೆ ಇಳಿತವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ. ಇಂದು ಮೂವತ್ನಾಲ್ಕು ವರ್ಷದವನಿಗೆ ಕೂಡಿಬಂದ ವೇಗವು ಐವತ್ನಾಲ್ಕಕ್ಕೆ ಬಾರದು. ಸಂಖ್ಯೆಯಲ್ಲಿಯೇ ತನ್ನನ್ನು ಇಟ್ಟವನು ಆಗ ಬರಿಗೈಯಾಗುವನು.

ಈಗ ಸಿದ್ಧಾಂತವನ್ನು ಸಂಗ್ರಹವಾಗಿ ಹೇಳಬಹುದು. ತನ್ನನ್ನು ತಾನು ಮೀರುವ ಹಂಬಲವು ಸ್ವತಃ ದೋಷವಲ್ಲ. ನಿಯಮವನ್ನು ಬಿಗಿಯಾಗಿಡುವ ವ್ರತವಾಗಿ ಅದು ಉಪಯುಕ್ತವೇ ಆಗಿದೆ. ಆದರೆ ವ್ರತವು ಲಿಂಗವಾಗಬಾರದು. ದಾರಿಯಲ್ಲಿ ಜಂಗಮವು ಎದುರಾದಾಗ ವ್ರತವನ್ನು ಮುರಿಯಬಲ್ಲವನೇ ವ್ರತವನ್ನು ಹಿಡಿಯಲು ಯೋಗ್ಯನು. ಪಡೆದ ಗೆಲವನ್ನು ಅರ್ಪಿಸಬಹುದೇ ಎಂದು ಮೊದಲೇ ಕೇಳಿಕೊಳ್ಳಬೇಕು. ಮತ್ತು ಮೈಗೆ ಬಂದ ಬಲದಲ್ಲಿ ಒಂದು ಪಾಲನ್ನು ಬಲವಿಲ್ಲದವರಿಗೆ ಸಲ್ಲಿಸಬೇಕು. ಓಟಕ್ಕೂ ದಾಸೋಹವುಂಟು. ಹೊಸಬರು ವೇಗ ತಪ್ಪದಂತೆ ಅವರ ಜೊತೆಯಲ್ಲಿ, ತನ್ನ ಶಕ್ತಿಗಿಂತ ನಿಧಾನವಾಗಿ ಓಡಿ ದಡ ಮುಟ್ಟಿಸುವವರು ದೊಡ್ಡ ಓಟಗಳಲ್ಲಿ ಇರುತ್ತಾರೆ. 2019ರ ಅಕ್ಟೋಬರಿನಲ್ಲಿ ವಿಯೆನ್ನಾ ನಗರದಲ್ಲಿ ಕೆನ್ಯಾದ ಎಲಿಯೂಡ್ ಕಿಪ್ಚೋಗೆ ಪೂರ್ಣ ಮ್ಯಾರಥಾನನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದಾಗ, ಸರದಿಯಂತೆ ಬಂದು ಗಾಳಿಯನ್ನು ತಡೆದು ಸಾಗಿಸಿದವರು 41 ಮಂದಿ ಓಟಗಾರರು. ಹೀಗೆ ನಡೆದುದರಿಂದಲೇ ಅದು ವಿಶ್ವದಾಖಲೆಯೆಂದು ಎಣಿಕೆಯಾಗಲಿಲ್ಲ. ಆ ನಲವತ್ತೊಂದು ಮಂದಿಗೆ ತಮ್ಮದೆಂದು ಹೇಳಿಕೊಳ್ಳುವ ಯಾವ ಸಂಖ್ಯೆಯೂ ಅಂದು ಸಿಗಲಿಲ್ಲ. ಆದರೂ ಅವರ ಓಟವು ವ್ಯರ್ಥವಾಯಿತೆಂದು ಯಾರೂ ಹೇಳರು.

ಕೆಲವು ದಿನಗಳ ಮೇಲೆ ಶಿಷ್ಯನು ಮತ್ತೆ ಬಂದನು. ಅವನು ತನ್ನ ಓಟಗಳ ಲೆಕ್ಕವನ್ನು ಒಂದು ವಹಿಯಲ್ಲಿ ಬರೆದಿಡುತ್ತಾನೆ. "ಆ ದಿನದ ಟೈಮನ್ನ ಹೊಡೆದು ಹಾಕಲೇನ್ರೀ?" ಎಂದು ಕೇಳಿದನು. "ಬೇಡಪ್ಪಾ, ಓಡಿದ್ದು ಸತ್ಯ, ಸತ್ಯವನ್ನು ಅಳಿಸಬಾರದು. ಅದರ ಪಕ್ಕದಲ್ಲಿ ಆ ಹಿರಿಯರನ್ನೂ ಬರೆದಿಡು" ಎಂದೆನು. ಹಿಂದೆ ಸುಲಭದ ಸಮಾಧಾನ ಹೇಳಿದುದಕ್ಕೆ ಅವನ ಕ್ಷಮೆಯನ್ನೂ ಕೇಳಿ, ನನ್ನ ನೂರಕ್ಕೆ ನೂರರ ಕಥೆಯನ್ನು ಹೇಳಿದೆನು. ಓಡುವುದನ್ನು ಬಿಡೆಂದು ನಾನು ಹೇಳಲಿಲ್ಲ. ಎರಡು ಗಂಟೆಯ ಗುರಿಯನ್ನು ಬಿಡೆಂದೂ ಹೇಳಲಿಲ್ಲ. ಈಗ ಅವನು ರಜೆಯ ದಿನ ಚಿತ್ತಾಪುರದಲ್ಲಿ ಪೊಲೀಸ್ ಭರ್ತಿಗೆ ಅಭ್ಯಾಸ ಮಾಡುವ ಹುಡುಗರಲ್ಲಿ ಹಿಂದೆ ಬೀಳುವವರ ಜೊತೆಗೆ ಓಡುತ್ತಾನೆ. ಮುಂದಿನ ಚಳಿಗಾಲದಲ್ಲಿ ತನ್ನ ಓಟವನ್ನೂ ಓಡುವನಂತೆ. ಅದು 1 ಗಂಟೆ 58 ನಿಮಿಷವಾದರೂ ಆಗಲಿ, 2 ಗಂಟೆ 20 ನಿಮಿಷವಾದರೂ ಆಗಲಿ, ಅರ್ಪಿತವಾಗಲಿ ಎಂದು ಹರಸಿದ್ದೇನೆ.

ನಾನು ತಪ್ಪಿಸಿದ ಹುಡುಗನನ್ನು ವಿಚಾರಿಸಿಕೊಂಡು ಶಹಾಬಾದಿಗೆ ಹೋಗಿದ್ದೆನು. ಈಗ ಅವನು ಕಲ್ಲು ತುಂಬುವ ಲಾರಿಯ ಮೇಲೆ ದುಡಿಯುತ್ತಾನೆ. ನನ್ನನ್ನು ಕಂಡು ಕಾಲಿಗೆರಗಿ, ಚಹಾ ತರಿಸಿ, ತನ್ನ ಮಗನು ಸಾಲೆಯಲ್ಲಿ ಜಾಣನೆಂದು ಹೇಳಿದನು. ಆ ವರ್ಷದ ಮಾತನ್ನು ನಾನಾಗಿಯೇ ಎತ್ತಬೇಕಾಯಿತು. ಎತ್ತಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ ಬಿಡ್ರಿ ಗುರುಗಳೆ" ಎಂದನು. ಅವನ ದೊಡ್ಡತನದಿಂದ ನನ್ನ ಸಾಲ ತೀರಲಿಲ್ಲ. ಅವನ ಮಗನು ಈ ವರ್ಷದಿಂದ ಸಂಜೆಯ ಹೊತ್ತು ನಮ್ಮಲ್ಲಿಗೆ ಪಾಠಕ್ಕೆ ಬರುತ್ತಿದ್ದಾನೆ. ಶಬ್ದರೂಪಗಳು ಅವನ ನಾಲಗೆಗೂ ಬೇಗ ಹತ್ತುವುದಿಲ್ಲ. ಈ ಸಲ ನನಗೆ ಅವಸರವಿಲ್ಲ.